ಛಾಯಾಗ್ರಹಣವೂ ನಮ್ಮ ಹುಡುಗಿಯರ ಸಂಪಾದನೆಯೂ

ನಮ್ಮ ಶಾಲೆಯಲ್ಲಿ ಕಲಿತು ಹೊರಗೆ ಹೋದ ತರುಣಿಯರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಕೆಮರಾವನ್ನು ಕೈಗೆತ್ತಿಕೊಂಡು, ಅದರಿಂದಲೇ ನಾಲ್ಕು ಕಾಸು ಸಂಪಾದಿಸಬೇಕೆಂದು ಬಯಸುತ್ತಿರುವರು. ಉಪಾಧ್ಯಾಯಿನಿ, ದಾದಿ, ಬೇಂಕಿನ ನೌಕರಿ ಎಂಬ ಪರಿಚಿತ ಹಾದಿಗಳನ್ನೇ ಬಲ್ಲ ಹೆತ್ತವರಿಗೆ ಈ ಬಯಕೆಯು ಚಿಂತೆಯನ್ನುಂಟುಮಾಡಿರುವುದು ಸಹಜವೇ. ಇದು ಹೆಣ್ಣುಮಗಳಿಗೆ ತಕ್ಕ ಕಸುಬೇ? ಇದರಿಂದ ಹೊಟ್ಟೆ ತುಂಬೀತೇ? ಈ ಎರಡು ಪ್ರಶ್ನೆಗಳನ್ನು ನಮ್ಮ ಬಳಿಗೆ ತಂದವರು ಒಬ್ಬಿಬ್ಬರಲ್ಲ. ಆದುದರಿಂದ ಈ ಸಂಚಿಕೆಯ ಮೂಲಕ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ತಿಳಿಸುವುದು ಯುಕ್ತವೆಂದು ತೋರಿತು.

ಮೊದಲನೆಯ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿರುವುದು. ಫ್ರಾನ್ಸ್ ದೇಶದ ದಾಗೇರ್ ಎಂಬವರ ವಿಧಾನವು 1839ರಲ್ಲಿ ಲೋಕಕ್ಕೆ ತಿಳಿದ ಮೇಲೆ ಈ ವಿದ್ಯೆಯು ಬೇಗನೆ ನಮ್ಮ ದೇಶಕ್ಕೂ ಬಂತು. ಪರದೆಯಲ್ಲಿರುವ ಸ್ತ್ರೀಯರು ಪರಪುರುಷನ ಮುಂದೆ ಕುಳಿತು ಪಟ ತೆಗೆಸಿಕೊಳ್ಳಲಾರರೆಂಬುದನ್ನು ಕಂಡು, ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ಸ್ಟುಡಿಯೋವನ್ನು ತೆರೆದು, ಅದರ ಆಡಳಿತವನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದರು. ಅಂದರೆ ಈ ಕಸುಬಿನಲ್ಲಿ ಹೆಂಗಸಿಗೆ ಮಾತ್ರ ಸಾಧ್ಯವಾಗುವ ಕೆಲಸವೊಂದು ಉಂಟೆಂಬುದು ನೂರು ವರ್ಷಕ್ಕೂ ಹಿಂದೆಯೇ ವ್ಯಾಪಾರಿಗಳಿಗೆ ಗೊತ್ತಿತ್ತು. 1913ರಲ್ಲಿ ನವಸಾರಿಯಲ್ಲಿ ಜನಿಸಿದ ಹೋಮಾಯಿ ವ್ಯಾರಾವಾಲಾ ಅವರು ನಮ್ಮ ದೇಶದ ಮೊದಲನೆಯ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದರು. 2011ರಲ್ಲಿ ಸರಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು. ಆದರೆ ಅವರ ಆರಂಭವನ್ನು ನಮ್ಮ ಹುಡುಗಿಯರು ನೆನಪಿಡಬೇಕು. ಮುಂಬಯಿಯ ಪತ್ರಿಕೆಯೊಂದರಲ್ಲಿ ಅಚ್ಚಾದ ಅವರ ಮೊದಲ ಚಿತ್ರಗಳಿಗೆ ದೊರೆತುದು ಚಿತ್ರವೊಂದಕ್ಕೆ ಒಂದು ರೂಪಾಯಿ. ಮೊದಮೊದಲು ಅವರ ಚಿತ್ರಗಳು ಪ್ರಕಟವಾದುದು ಪತಿಯ ಹೆಸರಿನಲ್ಲಿ. ಹಣವು ಅಲ್ಪವಾದರೂ ದೊರಕಿತು, ಹೆಸರು ಮಾತ್ರ ದೊರಕಲಿಲ್ಲ.

ನಮ್ಮ ಜಿಲ್ಲೆಯ ಮಾತನ್ನೇ ನೋಡೋಣ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯದ ದಶಕಗಳಲ್ಲಿ ತೆಗೆದ ಅನೇಕ ಛಾಯಾಚಿತ್ರಗಳು ಇಂದಿಗೂ ಬಾಸೆಲ್ ಪಟ್ಟಣದ ಸಂಗ್ರಹದಲ್ಲಿ ಸುರಕ್ಷಿತವಾಗಿವೆ. ಅಂದು ಚಿತ್ರದೊಳಗೆ ನಿಂತವರು ನಮ್ಮ ಹುಡುಗಿಯರು. ಕೆಮರಾದ ಹಿಂದೆ ನಿಂತವರು ಬೇರೆಯವರು. ಇಂದು ನಮ್ಮ ಬಸ್ರೂರಿನಲ್ಲಿಯೂ ಹಾಗೆಯೇ. ಮರದ ಬೇರುಗಳ ನಡುವೆ ಉಳಿದುಕೊಂಡಿರುವ ತುಳುವೇಶ್ವರನ ಗುಡಿಯನ್ನೂ, ಒಂದು ಕಾಲಕ್ಕೆ ಹಡಗುಗಳು ಬರುತ್ತಿದ್ದ ವಾರಾಹಿ ನದಿಯ ದಂಡೆಯನ್ನೂ ದೂರದೂರುಗಳಿಂದ ಬಂದವರು ಚಿತ್ರಿಸಿಕೊಂಡು ಹೋಗುತ್ತಾರೆ. ಈ ಊರ ಕೇರಿಗಳಲ್ಲೇ ಬೆಳೆದ ಹುಡುಗಿಯು ಅದೇ ಕೆಲಸಕ್ಕೆ ಹೊರಟರೆ ಆಕೆಯನ್ನು ತಡೆಯುವುದು ಯಾವ ನ್ಯಾಯ?

ಎರಡನೆಯ ಪ್ರಶ್ನೆಯು ಹೆಚ್ಚು ಕಠಿಣವಾದುದು. ನಮ್ಮ ಸೀಮೆಯಲ್ಲಿ ಪಟ ತೆಗೆಯುವ ಕೆಲಸಕ್ಕೆ ಕೊರತೆಯಿಲ್ಲ. ಮದುವೆ, ನಿಶ್ಚಿತಾರ್ಥ, ಸೀಮಂತ, ನಾಮಕರಣ, ಗೃಹಪ್ರವೇಶ, ಕೋಟೇಶ್ವರದ ಕೊಡಿಹಬ್ಬ, ಯಕ್ಷಗಾನದ ಬಯಲಾಟ, ಶಾಲೆಗಳ ವಾರ್ಷಿಕೋತ್ಸವ ಇವೆಲ್ಲವೂ ಉಂಟು. ಆದರೆ ಇದು ಋತುವಿನ ದುಡಿಮೆ. ಮಳೆಗಾಲದ ತಿಂಗಳುಗಳಲ್ಲಿ, ವಿಶೇಷವಾಗಿ ಆಷಾಢದಲ್ಲಿ, ಶುಭಕಾರ್ಯಗಳು ನಿಂತುಹೋಗುತ್ತವೆ. ಕೆಮರಾದ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದೇ ಆಗಿನ ಕೆಲಸ. ಬೇಸಗೆಯಲ್ಲಿ ಬಂದುದನ್ನು ಮಳೆಗಾಲಕ್ಕೆ ಕೂಡಿಡಲು ಅರಿಯದವಳು ಈ ಕಸುಬಿನಲ್ಲಿ ನಿಲ್ಲಲಾರಳು.

ಋತುವಿಗಿಂತಲೂ ದೊಡ್ಡ ಅಡ್ಡಿಯೊಂದುಂಟು. ಅದು ನಮ್ಮವರೇ ಒಡ್ಡುವ ಅಡ್ಡಿ. "ನೀನು ನಮ್ಮ ಮನೆಯ ಮಗುವಲ್ಲವೇ, ನಿನಗೂ ಹಣ ಕೊಡಬೇಕೇ?" ಎಂಬ ಮಾತನ್ನು ಕೇಳದ ಹೊಸ ಛಾಯಾಗ್ರಾಹಕಿಯು ಇರಲಾರಳು. ಪಂದಿಯಲ್ಲಿ ಊಟವಿಕ್ಕಿ, ಒಂದು ರವಿಕೆ ಕಣವನ್ನು ಕೈಯಲ್ಲಿಟ್ಟು ಕಳುಹಿಸಿದರೆ ಋಣ ತೀರಿತೆಂದು ಎಣಿಸುವವರು ಬಹಳ. ಇವರು ದುಷ್ಟರಲ್ಲ, ಲೆಕ್ಕ ಮಾಡದವರು ಅಷ್ಟೇ. ಆ ಲೆಕ್ಕವನ್ನು ಒಂದು ಉದಾಹರಣೆಯಿಂದ ನಾವು ಮಾಡಿ ತೋರಿಸುವೆವು. ಕೆಮರಾ ಮತ್ತು ಅದರ ಸಾಮಾನುಗಳಿಗೆ 72,000 ರೂಪಾಯಿ ಬಿತ್ತೆಂದೂ, ಅದು ಐದು ವರ್ಷ ಬಾಳುವುದೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 14,400 ರೂಪಾಯಿ ಸವೆಯಿತು. ವರ್ಷದಲ್ಲಿ ಮೂವತ್ತು ಕಾರ್ಯಗಳು ದೊರೆತರೆ ಒಂದೊಂದಕ್ಕೆ 480 ರೂಪಾಯಿ. ಹೋಗಿಬರುವ ವೆಚ್ಚ 320 ರೂಪಾಯಿ. ಮದುವೆಯ ದಿನ ಒಂದು, ಮನೆಯಲ್ಲಿ ಕುಳಿತು ಚಿತ್ರಗಳನ್ನು ಆರಿಸಿ ತಿದ್ದುವ ದಿನಗಳು ಎರಡು. ದಿನಕ್ಕೆ 700 ರೂಪಾಯಿಯಂತೆ ಕೂಲಿ ಹಿಡಿದರೂ 2,100 ರೂಪಾಯಿ. ಒಟ್ಟು 2,900 ರೂಪಾಯಿ ಆಯಿತು. ಇದರಲ್ಲಿ ಲಾಭವೆಂಬುದು ಇನ್ನೂ ಸೇರಿಲ್ಲ. ಪುಕ್ಕಟೆಯಾಗಿ ಮಾಡಿಕೊಡು ಎಂದರೆ, ನಿನ್ನ ಕೈಯಿಂದ 800 ರೂಪಾಯಿ ಹಾಕಿ ಮೂರು ದಿನ ನಮಗಾಗಿ ದುಡಿ ಎಂದ ಹಾಗಾಯಿತು. ಅಡಿಗೆಯವರಿಗೂ ವಾಲಗದವರಿಗೂ ಹೀಗೆ ಹೇಳಲು ನಾವು ನಾಚುತ್ತೇವಷ್ಟೆ?

ಹೊಸಬಳು ಕಲಿಯಬೇಡವೇ, ಕಲಿಯುವಾಗ ಹಣ ಕೇಳಬಹುದೇ ಎಂದು ಕೆಲವರು ಆಕ್ಷೇಪಿಸುವರು. ಕಲಿಯಲೇಬೇಕು. ಆದರೆ ಕಲಿಯುವ ಸ್ಥಳ ಬೇರೆ, ದುಡಿಯುವ ಸ್ಥಳ ಬೇರೆ. ಅನುಭವಸ್ಥರ ಕೈಕೆಳಗೆ ಸಹಾಯಕಿಯಾಗಿ ನಿಂತು ಕಲಿಯುವುದು ಒಂದು ಹಾದಿ. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಂಥ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಉಚಿತವಾಗಿ ಕಲಿಯುವುದು ಇನ್ನೊಂದು; ಈ ಬಗೆಯ ಮೊದಲ ಸಂಸ್ಥೆಯು 1982ರಲ್ಲಿ ಉಜಿರೆಯಲ್ಲಿ ಸ್ಥಾಪಿತವಾಯಿತು. ಕಲಿತಾದ ಮೇಲೆ ಕಡಿಮೆ ದರ ಕೇಳಲಿ. ದರವೇ ಇಲ್ಲದೆ ದುಡಿಯುವುದು ಬೇಡ. ಇಂದು ಪುಕ್ಕಟೆ ಮಾಡಿದವಳಿಗೆ ನಾಳೆ ಹಣ ಕೊಡುವವರಿಲ್ಲ. ಅದರಿಂದ ಆ ಕಸುಬನ್ನೇ ನಂಬಿ ಸಂಸಾರ ಸಾಗಿಸುವ ಇತರರ ಅನ್ನಕ್ಕೂ ಹಾನಿ. ಸಾಲದ ವಿಷಯದಲ್ಲಿಯೂ ಎಚ್ಚರ ಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯ ವರೆಗೆ ಸಾಲ ದೊರೆಯುವುದುಂಟು. ಆದರೂ ಮೊದಲು ಬಳಸಿದ ಹಳೆಯ ಕೆಮರಾದಿಂದ ಕೆಲಸ ಹಿಡಿದು, ಬಂದ ಹಣದಿಂದ ಹೊಸದನ್ನು ಕೊಳ್ಳುವುದೇ ಜಾಣತನ.

ಹಣ ಕೇಳುವವಳಿಗೆ ಕರ್ತವ್ಯಗಳೂ ಉಂಟು. ದರ, ಚಿತ್ರಗಳ ಸಂಖ್ಯೆ, ಕೊಡುವ ದಿನ, ರಾತ್ರಿ ಮನೆಗೆ ತಲುಪಿಸುವ ಏರ್ಪಾಡು ಇವನ್ನು ಒಂದು ಹಾಳೆಯಲ್ಲಿ ಬರೆದು, ಮುಂಗಡ ಪಡೆದು, ರಶೀದಿ ಕೊಡಬೇಕು. ಹೇಳಿದ ದಿನಕ್ಕೆ ಚಿತ್ರ ಕೊಡಬೇಕು. ಕಾಯಿದೆಯನ್ನೂ ತಿಳಿದಿರಬೇಕು: 1957ರ ಕೃತಿಸ್ವಾಮ್ಯ ಶಾಸನದ 17ನೆಯ ಪ್ರಕರಣದಂತೆ, ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುವುದು. ಕಾಯಿದೆ ಏನೇ ಇರಲಿ, ಒಂದು ಮನೆಯ ಹೆಂಗಸರ, ಮಕ್ಕಳ ಚಿತ್ರವನ್ನು ಅವರ ಅಪ್ಪಣೆಯಿಲ್ಲದೆ ಹತ್ತು ಜನರಿಗೆ ತೋರಿಸದಿರುವುದು ಶೀಲದ ಮಾತು. ಒಳಕೋಣೆಯ ವರೆಗೆ ಪ್ರವೇಶ ಪಡೆದವಳಿಗೆ ಆ ವಿಶ್ವಾಸವೇ ಬಂಡವಾಳ.

ಹೆತ್ತವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗಳಿಗೆ ಈ ಕಡೆ ಒಲವಿದ್ದರೆ ಎರಡು ವರ್ಷಗಳ ಅವಕಾಶ ಕೊಡಿರಿ. ಆದಾಯ ವೆಚ್ಚಗಳ ಪುಸ್ತಕವೊಂದನ್ನು ಇಡಿಸಿರಿ. ಆ ಪುಸ್ತಕವೇ ತೀರ್ಪು ಹೇಳಲಿ, ನೆರೆಹೊರೆಯವರ ಮಾತಲ್ಲ. ಮೊದಮೊದಲು ರಾತ್ರಿಯ ಕಾರ್ಯಗಳಿಗೆ ಜತೆಗೊಬ್ಬರನ್ನು ಕಳುಹಿಸಿರಿ; ಕೆಲಸವನ್ನೇ ಬಿಡಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಕಾರ್ಯಗಳಿಗೆ ನಿಮ್ಮ ತಂಗಿಯರಂತಿರುವ ಇವರನ್ನು ಕರೆಯಿರಿ, ಕರೆದು ಹಣ ಕೊಡಿರಿ. ನಮ್ಮ ಶಾಲೆಯ ಮಟ್ಟಿಗೆ ಹೇಳುವುದಾದರೆ, ಇನ್ನು ಮುಂದೆ ನಮ್ಮ ಉತ್ಸವಗಳ ಪಟಗಳನ್ನು ಗೊತ್ತಾದ ದರ ಕೊಟ್ಟೇ ತೆಗೆಸುವೆವು, ಅಚ್ಚಾಗುವ ಪ್ರತಿಯೊಂದು ಪಟದ ಕೆಳಗೂ ತೆಗೆದವಳ ಹೆಸರನ್ನು ಹಾಕಿಸುವೆವು. ದುಡಿದವಳಿಗೆ ಹಣವೂ ಹೆಸರೂ ಎರಡೂ ಸಲ್ಲತಕ್ಕವು.