ಕೆನಡಾದ ಮಕ್ಕಳ ಮನೆಗೆ ಹೊರಡುವ ಮುನ್ನ

ಮಗನೋ ಮಗಳೋ ಕೆನಡಾದಲ್ಲಿ ನೆಲೆ ನಿಂತ ಕೆಲವು ವರ್ಷಗಳಲ್ಲಿ ಅಲ್ಲಿಂದ ಕರೆ ಬರುವುದು ಸಹಜ. “ನೀವಿಬ್ಬರೂ ಬಂದು ಒಂದೆರಡು ವರ್ಷ ನಮ್ಮೊಡನೆ ಇರಿ” ಎಂಬ ಮಾತು ಕಿವಿಗೆ ಬಿದ್ದ ದಿನವೇ ಮನೆಯಲ್ಲಿ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗಳ ಸಿದ್ಧತೆ ಮೊದಲಾಗುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ ವಿಷಯವೊಂದು ಅನೇಕ ಸಂಸಾರಗಳಲ್ಲಿ ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ. ಅದೇ ಆರೋಗ್ಯ ವಿಮೆ.

ಕೆನಡಾದ ಪೌರರ ಅಥವಾ ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರ ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಆ ದೇಶದ ಸರ್ಕಾರವು 2011ರ ಡಿಸೆಂಬರಿನಲ್ಲಿ ‘ಸೂಪರ್ ವೀಸಾ’ ಎಂಬ ವಿಶೇಷ ಪರವಾನಗಿಯನ್ನು ಜಾರಿಗೆ ತಂದಿತು. ಸಾಮಾನ್ಯ ಸಂದರ್ಶಕರಿಗೆ ಒಂದು ಸಲಕ್ಕೆ ಆರು ತಿಂಗಳ ವಾಸ ದೊರೆತರೆ, ಈ ವೀಸಾ ಉಳ್ಳವರು 2022ರ ಜುಲೈನಿಂದ ಈಚೆಗೆ ಒಂದೇ ಸಲಕ್ಕೆ ಐದು ವರ್ಷಗಳವರೆಗೆ ತಂಗಬಹುದಾಗಿದೆ. ಕರೆಸಿಕೊಳ್ಳುವ ಮಕ್ಕಳ ವರಮಾನ ನಿಗದಿಯಾದ ಮಟ್ಟದಲ್ಲಿರಬೇಕು. ಬರುವ ಹಿರಿಯರ ವೈದ್ಯಕೀಯ ಪರೀಕ್ಷೆಯಾಗಬೇಕು. ಅದರೊಡನೆ ವಿಮೆಯ ಪತ್ರವೂ ಇರಬೇಕು.

ಕೆನಡಾದಲ್ಲಿ ಚಿಕಿತ್ಸೆ ಉಚಿತವೆಂದು ಕೇಳಿದ್ದೇವೆ, ವಿಮೆ ಏಕೆ ಎಂದು ಹಿರಿಯರು ಕೇಳುವುದುಂಟು. ಟಾಮಿ ಡಗ್ಲಸ್‌ ಅವರ ಮುಂದಾಳುತನದಲ್ಲಿ ರೂಪುಗೊಂಡು 1962ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಆರಂಭವಾದ ಸಾರ್ವಜನಿಕ ವೈದ್ಯ ವಿಮೆ ಮುಂದೆ ದೇಶಕ್ಕೆಲ್ಲ ಹರಡಿದುದು ನಿಜ. ಆದರೆ ಆ ಸೌಲಭ್ಯ ಅಲ್ಲಿಯ ನಿವಾಸಿಗಳಿಗೆ ಮೀಸಲು. ಸಂದರ್ಶಕರಾಗಿ ಹೋದ ತಂದೆತಾಯಿಗಳು ಆಸ್ಪತ್ರೆ ಸೇರಿದರೆ ಪೂರ್ಣ ವೆಚ್ಚವನ್ನು ತೆರಬೇಕು. ಒಂದು ಹೃದಯಾಘಾತ ಸಾಕು, ಜೀವಮಾನದ ಉಳಿತಾಯ ಕೆಲವೇ ದಿನಗಳಲ್ಲಿ ಕರಗಬಹುದು.

ಆದಕಾರಣ ನಿಯಮ ಸ್ಪಷ್ಟವಾಗಿದೆ. ಒಬ್ಬೊಬ್ಬರಿಗೂ ಕನಿಷ್ಠ 1,00,000 ಕೆನಡಾ ಡಾಲರುಗಳ ರಕ್ಷಣೆ ಇರಬೇಕು. ದೇಶವನ್ನು ಪ್ರವೇಶಿಸಿದ ದಿನದಿಂದ ಕನಿಷ್ಠ ಒಂದು ವರ್ಷ ಅದು ಊರ್ಜಿತವಾಗಿರಬೇಕು. ಚಿಕಿತ್ಸೆ, ಆಸ್ಪತ್ರೆಯ ವಾಸ ಮತ್ತು ಅಗತ್ಯ ಬಿದ್ದರೆ ಸ್ವದೇಶಕ್ಕೆ ಮರಳಿ ಕಳುಹಿಸುವ ವೆಚ್ಚ, ಇವು ಮೂರೂ ಅದರಲ್ಲಿ ಸೇರಿರಬೇಕು. ಬರಿಯ ದರಪಟ್ಟಿಯನ್ನು ಲಗತ್ತಿಸಿದರೆ ನಡೆಯದು. ಹಣವನ್ನು ಪೂರ್ತಿಯಾಗಿಯೋ, ಮುಂಗಡವಿತ್ತು ಕಂತುಗಳಲ್ಲಿಯೋ ಸಲ್ಲಿಸಿದುದಕ್ಕೆ ರುಜುವಾತು ಬೇಕು.

ವಿಮೆಯನ್ನು ಎಲ್ಲಿ ಕೊಳ್ಳಬೇಕೆಂಬುದು ಮುಂದಿನ ಪ್ರಶ್ನೆ. ಮೊದಲು ಕೆನಡಾದ ಕಂಪನಿಗಳ ಪಾಲಿಸಿಯೇ ಆಗಬೇಕಿತ್ತು. 2025ರ ಜನವರಿ 28ರಿಂದ ಹೊರದೇಶದ ಕಂಪನಿಗಳಿಗೂ ಅವಕಾಶವಿದೆ. ಆದರೆ ಆ ಕಂಪನಿಯು ಕೆನಡಾದ ಹಣಕಾಸು ಸಂಸ್ಥೆಗಳ ಮೇಲ್ವಿಚಾರಣಾ ಕಚೇರಿಯ ಪಟ್ಟಿಯಲ್ಲಿರಬೇಕು. ಅಲ್ಲಿ ನಡೆಸುವ ವ್ಯವಹಾರದ ಅಂಗವಾಗಿಯೇ ಪಾಲಿಸಿಯನ್ನು ನೀಡಿರಬೇಕು. ಪರಿಚಿತ ಏಜೆಂಟರು ಮಾರುವ ಸಾಧಾರಣ ಪ್ರವಾಸ ವಿಮೆ ಅಗ್ಗವಾಗಿ ಕಂಡಿತೆಂದು ಕೊಂಡು ಅರ್ಜಿಯನ್ನು ಕೆಡಿಸಿಕೊಳ್ಳಬಾರದು.

ವೀಸಾ ದೊರೆಯುವುದಷ್ಟೇ ಗುರಿಯಾದರೆ ಇಷ್ಟು ಸಾಕು. ಆದರೆ ವಿಮೆಯ ನಿಜವಾದ ಪರೀಕ್ಷೆ ಕಾಯಿಲೆ ಬಂದಾಗಲೇ ನಡೆಯುವುದು. ಅರವತ್ತು ದಾಟಿದವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇಲ್ಲದವರು ವಿರಳ. ಇಂಥ ಹಳೆಯ ಕಾಯಿಲೆಗಳನ್ನು ಕೆಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ. ಕೆಲವು ಪಾಲಿಸಿಗಳು, ಕಾಯಿಲೆ 90, 120 ಅಥವಾ 180 ದಿನಗಳ ಕಾಲ ಸ್ಥಿರವಾಗಿದ್ದರೆ ಮಾತ್ರ ಒಪ್ಪುತ್ತವೆ. ಸ್ಥಿರವೆಂದರೆ ಹೊಸ ಲಕ್ಷಣವಿರಬಾರದು, ಹೊಸ ಔಷಧಿ ಇರಬಾರದು, ಮಾತ್ರೆಯ ಪ್ರಮಾಣವೂ ಬದಲಾಗಿರಬಾರದು. ಪ್ರಮಾಣ ಇಳಿದರೂ ಅನೇಕ ಪಾಲಿಸಿಗಳಲ್ಲಿ ಅದು ಬದಲಾವಣೆಯೇ. ಈ ದಿನಗಳನ್ನು ಸಾಮಾನ್ಯವಾಗಿ ಪಾಲಿಸಿ ಜಾರಿಗೆ ಬರುವ ದಿನದಿಂದ ಹಿಂದಕ್ಕೆ ಎಣಿಸುವರು. ಆದುದರಿಂದ ಪಾಲಿಸಿ ಕೊಂಡ ಮೇಲೆ, ವಿಮಾನ ಏರುವ ಮೊದಲು ವೈದ್ಯರು ಮಾತ್ರೆ ಬದಲಿಸಿದರೆ ವಿಮೆಯವರಿಗೆ ಕೂಡಲೇ ತಿಳಿಸಬೇಕು. ವಿಮೆಗಾಗಿ ಬೇಕಾದ ಔಷಧಿಯನ್ನು ನಿಲ್ಲಿಸುವುದಂತೂ ಎಂದಿಗೂ ಕೂಡದು.

ಪ್ರಶ್ನಾವಳಿಯನ್ನು ತುಂಬುವಾಗ ಸಂಕೋಚ ಸಲ್ಲದು. ಸಕ್ಕರೆ ಕಾಯಿಲೆಯನ್ನು ನೆಂಟರಿಷ್ಟರಿಂದ ಮರೆಮಾಡಿದರೆ ಹಬ್ಬದ ದಿನ ಒಂದು ಹೋಳಿಗೆ ಹೆಚ್ಚು ಬಡಿಸಿಯಾರು. ವಿಮೆಯವರಿಂದ ಮರೆಮಾಡಿದರೆ ಆಸ್ಪತ್ರೆಯ ಬಿಲ್ಲು ಪೂರ್ತಿಯಾಗಿ ಮಗನ ತಲೆಯ ಮೇಲೆ ಬೀಳಬಹುದು. ದೂರದಲ್ಲಿರುವ ಮಕ್ಕಳು ತಾವೇ ಊಹಿಸಿ ಉತ್ತರ ಬರೆಯುವುದೂ ಅಪಾಯಕರ. ಕಾಯಿಲೆಗಳ ಮತ್ತು ಮಾತ್ರೆಗಳ ವಿವರವನ್ನು ಮನೆಯ ವೈದ್ಯರಿಂದ ಬರೆಸಿಕೊಂಡು ಅದರಂತೆ ತುಂಬುವುದು ಲೇಸು.

ಕಂತು ಹೊರೆಯೆನಿಸಿದರೆ ಒಂದು ದಾರಿಯುಂಟು. ಪ್ರತಿ ಚಿಕಿತ್ಸೆಯಲ್ಲಿ ಮೊದಲ ಇಂತಿಷ್ಟು ಡಾಲರನ್ನು ತಾವೇ ಭರಿಸುವುದಾಗಿ ಒಪ್ಪಿದರೆ ಕಂತು ಇಳಿಯುತ್ತದೆ. ಆದರೆ ತುರ್ತಿನಲ್ಲಿ ತೆರಲಾಗದಷ್ಟು ಮೊತ್ತವನ್ನು ಒಪ್ಪಿಕೊಳ್ಳಬಾರದು. ವೀಸಾ ನಿರಾಕೃತವಾದರೆ ಹಣ ಹಿಂತಿರುಗುವುದೇ, ಪರಿಹಾರ ಕೇಳದೆ ಬೇಗನೆ ಹಿಂದಿರುಗಿದರೆ ಉಳಿದ ತಿಂಗಳುಗಳ ಹಣ ಬರುವುದೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಬೇಕು.

ಈ ವಿಮೆ ಅನಿರೀಕ್ಷಿತ ಕಾಯಿಲೆಗೂ ಅಪಘಾತಕ್ಕೂ ಹೊರತು ತಿಂಗಳ ತಪಾಸಣೆಗಲ್ಲ. ನಿತ್ಯದ ಔಷಧಿಯನ್ನು ವೈದ್ಯರ ಚೀಟಿಯೊಡನೆ ಇಲ್ಲಿಂದಲೇ ಒಯ್ಯುವುದು ಜಾಣತನ. ಪಾಲಿಸಿಯ ಪ್ರತಿ ಪೆಟ್ಟಿಗೆಯ ತಳದಲ್ಲಿರದೆ ಕೈಚೀಲದಲ್ಲಿರಲಿ. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಕೇಳಬಹುದು. ವರ್ಷ ತುಂಬಿದ ಮೇಲೂ ಅಲ್ಲಿಯೇ ಉಳಿಯುವವರು ಅವಧಿ ಮುಗಿಯುವ ಮೊದಲೇ ವಿಮೆಯನ್ನು ಮುಂದುವರಿಸಬೇಕು. ಕಂಪನಿಯ ದೂರವಾಣಿ ಸಂಖ್ಯೆಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಟ್ಟರೆ, ಮಗ ಸೊಸೆ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ ಎದೆನೋವು ಕಾಣಿಸಿದರೂ ತಾಯಿ ಮೊದಲು ಆಂಬುಲೆನ್ಸಿಗೆ 911, ಆಮೇಲೆ ವಿಮೆಯವರಿಗೆ ಕರೆಮಾಡಲು ಹುಡುಕಾಡಬೇಕಾಗುವುದಿಲ್ಲ.