ಮುಚ್ಚಿಟ್ಟ ಗುಳ್ಳೆಗೆ ಬೇಕಿರುವುದು ಒಂದು ಬಯಾಪ್ಸಿ

ಗಂಡಸರ ಜನನಾಂಗದ ಚರ್ಮದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಶೇಖರಗೊಳ್ಳುವ ಕಾಯಿಲೆ ತೀರಾ ಅಪರೂಪದ್ದು. ವೈದ್ಯಕೀಯ ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಒಬ್ಬಿಬ್ಬರು ರೋಗಿಗಳ ವರದಿಯಾಗಿಯೇ ಕಾಣಿಸಿಕೊಳ್ಳುತ್ತದೆ. ಚರ್ಮರೋಗ ತಜ್ಞರೊಬ್ಬರು ಒಂದೂ ಪ್ರಕರಣ ನೋಡದೆ ನಿವೃತ್ತರಾದರೆ ಆಶ್ಚರ್ಯವಿಲ್ಲ. ಹೀಗಿರುವಾಗ ತುಮಕೂರು, ಗುಬ್ಬಿ, ಕುಣಿಗಲ್‌ನ ಜನ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕೇ? ಬೇಕು. ಈ ರೋಗ ಪತ್ತೆಯಾಗಬೇಕಾದರೆ ರೋಗಿ ಸಂಕೋಚ ಬಿಟ್ಟು ತೋರಿಸಬೇಕು, ವೈದ್ಯರು ಬೆಳಕಿನಲ್ಲಿ ಸರಿಯಾಗಿ ನೋಡಬೇಕು, ಕೆಲವೇ ಮಿಲಿಮೀಟರ್ ಚರ್ಮ ಪ್ರಯೋಗಾಲಯ ತಲುಪಬೇಕು. ಈ ಮೂರು ಕೆಲಸಗಳು ಸಲೀಸಾಗಿ ಆಗುವ ಊರಿನಲ್ಲಿ ಅಪರೂಪದ ಕಾಯಿಲೆಯೂ ಸಿಕ್ಕಿಬೀಳುತ್ತದೆ. ಆಗದ ಊರಿನಲ್ಲಿ ಸಾಮಾನ್ಯ ಕಾಯಿಲೆಯೂ ಬಚಾವಾಗುತ್ತದೆ.

ದೇಹದ ಪ್ರೋಟೀನುಗಳು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಕರಗಿ, ಕೆಲಸ ಮುಗಿಸಿ, ವಿಲೇವಾರಿಯಾಗುತ್ತವೆ. ಮಡಿಕೆ ತಪ್ಪಿದವು ನಾರುಗಳಾಗಿ ಹೆಣೆದುಕೊಂಡು ಅಂಗಾಂಶದೊಳಗೆ ಕೂರುತ್ತವೆ. ಇದೇ ಅಮೈಲಾಯ್ಡ್. ಹೃದಯ, ಮೂತ್ರಪಿಂಡಗಳಲ್ಲಿ ಕೂತರೆ ಪ್ರಾಣಕ್ಕೇ ಸಂಚಕಾರ. ಚರ್ಮದಲ್ಲಿ ಮಾತ್ರ ಕೂತರೆ ಬಹುತೇಕ ತುರಿಕೆ ಮತ್ತು ಕಪ್ಪು ಕಲೆಗಳಿಗೆ ನಿಲ್ಲುತ್ತದೆ. ಬೆನ್ನಿನ ಮೇಲ್ಭಾಗ, ಮೊಣಕಾಲ ಕೆಳಗೆ ಇಂಥ ಕಲೆಗಳಿರುವವರು ನಮ್ಮಲ್ಲಿ ಅಪರೂಪವೇನಲ್ಲ. ಉಜ್ಜುವ ನೈಲಾನ್ ಬ್ರಷ್ಷು, ಎಡೆಬಿಡದ ಕೆರೆತ ಅದನ್ನು ಹೆಚ್ಚಿಸುತ್ತವೆ. ಜನನಾಂಗದ ಮೇಲೆ ಇದು ಮೇಣದ ಹೊಳಪಿನ ಸಣ್ಣ ಗುಳ್ಳೆ ಅಥವಾ ಗಟ್ಟಿ ಪದರವಾಗಿ ಬರಬಹುದು. ಮೂತ್ರನಾಳದಲ್ಲಾದರೆ ರಕ್ತ, ಗಂಟು, ಉರಿ ಕಾಣಿಸುತ್ತದೆ. ಇದು ಅಂಟುರೋಗವಲ್ಲ, ಲೈಂಗಿಕ ಸಂಪರ್ಕದಿಂದ ಬರುವುದೂ ಅಲ್ಲ. ಹೆಂಡತಿಗೆ ಹರಡುವ ಭಯ ಬೇಡ, ಯಾರ ಚಾರಿತ್ರ್ಯದ ಮೇಲೂ ಅನುಮಾನ ಬೇಡ.

ಗಂಟಿನ ರೂಪದ ಅಮೈಲಾಯ್ಡ್ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಪ್ಲಾಸ್ಮಾ ಜೀವಕೋಶಗಳು ತಯಾರಿಸುವ ಪ್ರತಿಕಾಯದ ತುಣುಕುಗಳು ಅಲ್ಲಿ ಶೇಖರವಾಗಿರುತ್ತವೆ. ಕೆಲವರಲ್ಲಿ ಅದು ಇಡೀ ದೇಹವನ್ನು ಆವರಿಸುವ ರೋಗದ ಮೊದಲ ಸುಳಿವು. ಆದ್ದರಿಂದ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ವರ್ಷಗಟ್ಟಲೆ ನಿಗಾ ಇಡಬೇಕಾಗುತ್ತದೆ.

ಬರಿಗಣ್ಣಿಗೆ ಇದು ನರುಲಿಯಂತೆ, ಲೈಕನ್ ಪ್ಲೇನಸ್‌ನಂತೆ, ಸಿಫಿಲಿಸ್‌ನಂತೆ ಅಥವಾ ಕ್ಯಾನ್ಸರ್‌ನಂತೆ ಕಾಣಬಹುದು. ಖಚಿತವಾಗುವುದು ಬಯಾಪ್ಸಿಯಲ್ಲೇ. ಕಾಂಗೊ ರೆಡ್ ಬಣ್ಣ ಹಾಕಿದ ಚರ್ಮದ ತೆಳು ಪದರವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅಮೈಲಾಯ್ಡ್ ಸೇಬಿನ ಹಸಿರು ಬಣ್ಣದಲ್ಲಿ ಮಿನುಗುತ್ತದೆ. ಅಮೈಲಾಯ್ಡ್ ಇಲ್ಲದಿದ್ದರೂ ಆ ತುಣುಕು ವ್ಯರ್ಥವಲ್ಲ. ಶಿಶ್ನದ ಕ್ಯಾನ್ಸರ್ ಶ್ರೀಮಂತ ದೇಶಗಳಿಗಿಂತ ಭಾರತದಲ್ಲಿ ಹೆಚ್ಚು. ಬೇಗ ಸಿಕ್ಕರೆ ಅಂಗ ಉಳಿಸಿಕೊಳ್ಳಬಹುದು, ತಡವಾದರೆ ಕತ್ತರಿಸಬೇಕಾಗಬಹುದು. ಅಪರೂಪದ್ದನ್ನು ಹುಡುಕಲು ಹೊರಟ ಪರೀಕ್ಷೆಯೇ ಅಪಾಯದ್ದನ್ನೂ ಹಿಡಿಯುತ್ತದೆ.

ಆದರೆ ತೊಡೆಸಂದಿನಲ್ಲಿ ತುರಿಕೆ ಶುರುವಾದ ಗಂಡಸು ಮೊದಲು ಹೋಗುವುದು ವೈದ್ಯರಲ್ಲಿಗಲ್ಲ, ಮೆಡಿಕಲ್ಸ್‌ಗೆ. ‘ಉಷ್ಣಕ್ಕೆ ಆಗಿರಬೇಕು, ಒಂದು ಟ್ಯೂಬ್ ಕೊಡಿ’ ಎಂದರೆ ಸಾಕು, ಸ್ಟೀರಾಯ್ಡ್ ಬೆರೆತ ಕ್ರೀಮು ಕೈಗೆ ಬರುತ್ತದೆ. 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಅಧಿಸೂಚನೆ ಹೊರಡಿಸಿದ್ದರೂ ಕೌಂಟರಿನ ಮೇಲಿನ ವ್ಯಾಪಾರ ನಿಂತಿಲ್ಲ. ಅಮೆರಿಕದ ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್, ಮುಂಗೈ ಚರ್ಮಕ್ಕಿಂತ ವೃಷಣಚೀಲದ ಚರ್ಮ ಸ್ಟೀರಾಯ್ಡನ್ನು 42 ಪಟ್ಟು ಹೆಚ್ಚು ಹೀರುತ್ತದೆಂದು 1967ರಲ್ಲಿ ತೋರಿಸಿದ್ದರು. ಅಲ್ಲಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಹಬ್ಬುತ್ತದೆ, ಮೂಲ ಕಾಯಿಲೆಯ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ.

ಟ್ಯೂಬಿಗೆ ಬಗ್ಗದಿದ್ದಾಗ ಮುಂದಿನ ನಿಲ್ದಾಣ ‘ಗುಪ್ತರೋಗ’ದ ಜಾಹೀರಾತು. ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿದ್ದದ್ದು ಈಗ ಮೊಬೈಲಿಗೂ ಬಂದಿದೆ. ಅಪರೂಪದ ರೋಗಗಳ ಹೆಸರಿನ ಜೊತೆಗೆ ನಮ್ಮ ತಾಲ್ಲೂಕುಗಳ ಹೆಸರನ್ನೂ ಸೇರಿಸಿ ಗಿರಾಕಿ ಹಿಡಿಯುವುದು ಹೊಸ ವರಸೆ. ಲೈಂಗಿಕ ರೋಗಗಳಿಗೆ ಚಿಕಿತ್ಸೆ, ಲೈಂಗಿಕ ಶಕ್ತಿಗೆ ಮದ್ದು ಎಂದು ಔಷಧದ ಜಾಹೀರಾತು ನೀಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೆ 6 ತಿಂಗಳು, ಮರುಕಳಿಸಿದರೆ 1 ವರ್ಷದವರೆಗೆ ಜೈಲು ಶಿಕ್ಷೆಯುಂಟು. ಗೋಡೆಯ ಮೇಲೆ ಫೋನ್ ನಂಬರನ್ನೇ ಬರೆದಿರುವ ಆರೋಪಿಯನ್ನು ಹಿಡಿಯಲು ದೊಡ್ಡ ತನಿಖೆ ಬೇಕಿಲ್ಲ.

ಗಂಡಸರ ಸಂಕೋಚವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಳ್ಳಿಯ ಆರೋಗ್ಯ ವ್ಯವಸ್ಥೆಯನ್ನು ತಾಯಿ ಮತ್ತು ಮಗುವಿನ ಸುತ್ತ ಕಟ್ಟಲಾಗಿದೆ. ಅದು ಸರಿಯಾದ ಆದ್ಯತೆಯೇ. ಆದರೆ ದುಡಿಯುವ ವಯಸ್ಸಿನ ಗಂಡಸಿಗೆ ಆ ವ್ಯವಸ್ಥೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲ. ತನ್ನದೇ ಊರಿನ ಆಶಾ ಕಾರ್ಯಕರ್ತೆಯ ಬಳಿ ಈ ವಿಷಯ ಎತ್ತಲು ಆತನಿಗೂ ಆಗದು, ಕೇಳಲು ಆಕೆಗೂ ಆಗದು. ಕುಷ್ಠರೋಗ ಪತ್ತೆ ಅಭಿಯಾನದಲ್ಲಿ ಇದಕ್ಕೊಂದು ಪರಿಹಾರ ಆಗಲೇ ಇದೆ: ಆಶಾ ಜೊತೆ ಒಬ್ಬ ಪುರುಷ ಕಾರ್ಯಕರ್ತ ಮನೆಮನೆಗೆ ಹೋಗಿ ಚರ್ಮದ ಮಚ್ಚೆ ವಿಚಾರಿಸುತ್ತಾರೆ. ಅದೇ ಭೇಟಿಯಲ್ಲಿ ‘ಒಳಭಾಗದಲ್ಲಿ ವಾಸಿಯಾಗದ ಗುಳ್ಳೆ, ಗಾಯ ಇದೆಯೇ’ ಎಂಬ ಒಂದು ಪ್ರಶ್ನೆ ಸೇರಿಸಲು ಹೆಚ್ಚಿನ ಖರ್ಚಿಲ್ಲ.

ಲೈಂಗಿಕ ಸೋಂಕುಗಳಿಗೆಂದು ಜಿಲ್ಲಾ ಮಟ್ಟದಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ. ಲಕ್ಷಣ ನೋಡಿ ಔಷಧ ಕೊಡುವ ಆ ಪದ್ಧತಿ ಸೋಂಕಿಗೆ ಸೂಕ್ತ. ಸೋಂಕಲ್ಲದ ಗುಳ್ಳೆಗೆ ಕೋರ್ಸ್ ಮೇಲೆ ಕೋರ್ಸ್ ಆ್ಯಂಟಿಬಯಾಟಿಕ್ ಕೊಡುತ್ತಾ ಹೋದರೆ ಕಾಲ ಕಳೆಯುತ್ತದೆಯೇ ಹೊರತು ಕಾಯಿಲೆ ಕಳೆಯುವುದಿಲ್ಲ. ಔಷಧಕ್ಕೆ ಬಗ್ಗದೆ ನಾಲ್ಕಾರು ವಾರ ಉಳಿದ ಯಾವುದೇ ಗುಳ್ಳೆ, ಹುಣ್ಣು, ಗಂಟನ್ನು ಬಯಾಪ್ಸಿಗೆ ಕಳಿಸಬೇಕೆಂಬ ನಿಯಮ ಇಂಥ ಎಲ್ಲ ಕೇಂದ್ರಗಳಲ್ಲೂ ಇರಬೇಕು.

‘ಇಷ್ಟು ವಿರಳ ರೋಗಕ್ಕೆ ಸರ್ಕಾರ ದುಡ್ಡು ಸುರಿಯಬೇಕೇ’ ಎಂಬ ಪ್ರಶ್ನೆ ನ್ಯಾಯವಾದದ್ದೇ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, ಪಟ್ಟಿಯಲ್ಲಿರುವ ರೋಗಗಳ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಚರ್ಮದ ಅಮೈಲಾಯ್ಡ್‌ಗೆ ಅಂಥ ನಿಧಿಯ ಅಗತ್ಯವೇ ಇಲ್ಲ. ಬೇಕಿರುವುದು ಸ್ಥಳೀಯ ಅರಿವಳಿಕೆ, ಚರ್ಮದ ಚೂರು ತೆಗೆಯುವ ಪುಟ್ಟ ಉಪಕರಣ ಮತ್ತು ಫಾರ್ಮಲಿನ್ ತುಂಬಿದ ಸೀಸೆ. ಫಾರ್ಮಲಿನ್‌ನಲ್ಲಿಟ್ಟ ಮಾದರಿಗೆ ಶೈತ್ಯಾಗಾರ ಬೇಡ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ಕುಣಿಗಲ್ ಕೂಡ ದೂರವೇನಲ್ಲ. ತುಮಕೂರು ನಗರದಲ್ಲಿ ಜಿಲ್ಲಾಸ್ಪತ್ರೆಯಿದೆ, ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ. ಸಂದೇಹ ಬಿದ್ದರೆ 70 ಕಿ.ಮೀ. ಆಚೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಸಿದ್ಧ ಸಾಮಗ್ರಿಗಳನ್ನು ಒಂದಕ್ಕೊಂದು ಜೋಡಿಸುವ ಆಡಳಿತವಷ್ಟೇ ಬಾಕಿ.

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಮನಸ್ಸು ಮಾಡಿದರೆ ಮೂರು ಕೆಲಸಗಳನ್ನು ಈ ವರ್ಷವೇ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಚರ್ಮರೋಗ ಚಿಕಿತ್ಸೆ ನಿಗದಿಪಡಿಸಿ, ‘ಗುಪ್ತ’ ಎಂಬ ಫಲಕವಿಲ್ಲದ, ಪರದೆಯಿರುವ ಕೋಣೆ ಕೊಡುವುದು. ಚರ್ಮದ ಮಾದರಿಗಳನ್ನು ತುಮಕೂರಿಗೆ ಕಳಿಸಿ, ವರದಿಯನ್ನು ಅದೇ ಆಸ್ಪತ್ರೆಗೆ ಮರಳಿಸುವುದು. ಔಷಧ ನಿಯಂತ್ರಣ ಇಲಾಖೆ ಮತ್ತು ಪೊಲೀಸರ ಜೊತೆ ಸೇರಿ ಚೀಟಿಯಿಲ್ಲದ ಸ್ಟೀರಾಯ್ಡ್ ಮಾರಾಟ ಹಾಗೂ ಗೋಡೆ ಜಾಹೀರಾತುಗಳ ಮೇಲೆ ಪ್ರಕರಣ ದಾಖಲಿಸುವುದು. ವರ್ಷದ ಕೊನೆಗೆ ಎಷ್ಟು ಬಯಾಪ್ಸಿ ನಡೆದವು, ಏನೇನು ಪತ್ತೆಯಾಯಿತು ಎಂದು ಹೆಸರು ಬಿಟ್ಟು ಪ್ರಕಟಿಸಲಿ. ಅಮೈಲಾಯ್ಡ್ ಒಂದೂ ಸಿಗದೇ ಹೋಗಬಹುದು. ಬೇಗ ಸಿಕ್ಕಿದ ಒಂದು ಕ್ಯಾನ್ಸರ್ ಸಾಕು, ಅಷ್ಟೂ ಶ್ರಮ ಸಾರ್ಥಕ.