ಹೊಲದಲ್ಲಿ ನಡೆದ ಸಂಶೋಧನೆ ಹೊಲದವರಿಗೂ ಸಿಗಲಿ

ಬೇಸಿಗೆ ಮುಗಿಯುತ್ತಿದ್ದಂತೆ ಹಾಸನದ ಎಪಿಎಂಸಿ ಯಾರ್ಡಿಗೆ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಹೊಳೆನರಸೀಪುರ, ಅರಕಲಗೂಡು ಕಡೆಯ ರೈತರು ಮೂಟೆ ಬಿಚ್ಚಿಸಿ, ಒಂದು ಗಡ್ಡೆ ಎತ್ತಿಕೊಂಡು, ಉಗುರಿನಿಂದ ಗೀರಿ, ಮೂಸಿ ನೋಡುತ್ತಾರೆ. ದುಡ್ಡು ಎಣಿಸುವ ಮೊದಲು ಅವರು ಮಾಡಬಹುದಾದ ಪರೀಕ್ಷೆ ಅಷ್ಟೇ. ಬಿತ್ತಿದ ಮೇಲೆ ಜಡಿಮಳೆ ಹಿಡಿಯಿತೆಂದರೆ ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಮಚ್ಚೆ ಏಳುತ್ತದೆ, ಅಡಿಭಾಗದಲ್ಲಿ ಬೆಳ್ಳನೆಯ ಬೂಷ್ಟು ಕಟ್ಟುತ್ತದೆ, ನೋಡನೋಡುತ್ತಲೇ ಹೊಲವೆಲ್ಲ ಸುಟ್ಟಂತೆ ಕಪ್ಪಾಗುತ್ತದೆ. ಇದೇ ಅಂಗಮಾರಿ.

1845ರಲ್ಲಿ ಐರ್ಲೆಂಡಿನ ಬೆಳೆ ತಿಂದು ಮಹಾಕ್ಷಾಮ ತಂದದ್ದೂ ಇದೇ ರೋಗ. ವಿಜ್ಞಾನಿಗಳು ಇದನ್ನು ಅಭ್ಯಾಸ ಮಾಡಿದಷ್ಟು ಬೇರೆ ಬೆಳೆರೋಗಗಳನ್ನು ಮಾಡಿರುವುದು ಕಡಿಮೆ. ರೋಗಾಣುವಿನ ಜೀನೋಮ್ 2009ರಲ್ಲೇ ಪ್ರಕಟವಾಗಿದೆ, ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಹಾಸನದಲ್ಲೂ ಕಾರೇಕೆರೆಯ ಕೃಷಿ ಕಾಲೇಜಿದೆ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನೆ ನಡೆಯುತ್ತದೆ. ದೇಶದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಕೂಡಿಸಿಡಲು ‘ಕೃಷಿಕೋಶ’ ಎಂಬ ಡಿಜಿಟಲ್ ಭಂಡಾರವೂ ಇದೆ. ಅಲ್ಲಿಯ ಬಹುಪಾಲು ಬರಹ ಇಂಗ್ಲಿಷಿನದು. ಭಂಡಾರಕ್ಕೆ ಬೀಗವಿಲ್ಲ, ನಿಜ. ಆದರೆ ಪ್ರಯೋಗಕ್ಕೆ ಗುಂಟೆ ಜಾಗ ಬಿಟ್ಟುಕೊಟ್ಟವರೇ ಅದನ್ನು ಓದಲಾರರು.

ಈ ಕರಪತ್ರದ ಬೇಡಿಕೆ ಒಂದೇ. ಸರ್ಕಾರದ ದುಡ್ಡಿನಲ್ಲಿ, ಜಿಲ್ಲೆಯ ಮಣ್ಣು, ನೀರು, ಬೆಳೆಯ ಮೇಲೆ ಸಂಶೋಧನೆ ಮಾಡಿದವರು ಅದರ ಕಥೆಯನ್ನು ತಾವೇ ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಇಡಬೇಕು. ತಾವೇ ಎಂಬುದು ಮುಖ್ಯ. ಯಾವ ತಾಕಿನಲ್ಲಿ ನೀರು ನಿಂತಿತ್ತು, ಯಾವ ವಾರ ಮಳೆಮಾಪಕ ಕೆಟ್ಟಿತ್ತು, ಯಾವ ಔಷಧ ಏನೂ ಮಾಡಲಿಲ್ಲ ಎಂಬುದು ಗೊತ್ತಿರುವುದು ಅವರಿಗೇ.

ಏನೂ ಮಾಡದ ಔಷಧದ ಸುದ್ದಿ ಸಂಶೋಧನಾ ಪತ್ರಿಕೆಗೆ ಬೇಡದಿರಬಹುದು, ಅದೇ ಔಷಧಕ್ಕೆ ಸಾಲ ಮಾಡುವವರಿಗೆ ಬೇಕು. ತಳಿಯ ವಿಷಯವೂ ಹಾಗೇ. 1968ರಲ್ಲಿ ಬಂದ ಕುಫ್ರಿ ಜ್ಯೋತಿ ಆಲೂಗಡ್ಡೆ ಅಂಗಮಾರಿಯನ್ನು ತಡೆದುಕೊಳ್ಳುವ ತಳಿಯೆಂದೇ ಹೆಸರಾಗಿತ್ತು. ಕಾಲಕ್ರಮದಲ್ಲಿ ರೋಗಾಣು ರೂಪ ಬದಲಿಸಿತು, ತಳಿಯ ಹೆಸರು ಮಾತ್ರ ಹಾಗೇ ಉಳಿಯಿತು.

ಇಂಥ ವಿಷಯ ಕನ್ನಡಕ್ಕೆ ಬಗ್ಗುವುದಿಲ್ಲ ಎನ್ನುವವರು ಹೊಳೆನರಸೀಪುರಕ್ಕೇ ಬಂದು ನೋಡಬೇಕು. 1920ರಲ್ಲಿ ಶುರುವಾಗಿ ಆಮೇಲೆ ಈ ಊರಿನಲ್ಲಿ ನೆಲೆನಿಂತ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಶಂಕರಾಚಾರ್ಯರ ಭಾಷ್ಯಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿದರು. ಬ್ರಹ್ಮಸೂತ್ರ ಭಾಷ್ಯವನ್ನೇ ಕನ್ನಡದಲ್ಲಿ ಓದಿದ ಊರಿಗೆ ಬೂಷ್ಟಿನ ವಿಚಾರ ಭಾರವಾಗದು. ವಿಜ್ಞಾನದ ಕಡೆಯೂ ದಾರಿ ಹಳೆಯದೇ: ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ತಂದಿದ್ದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿ ಗಿಡ ಹುಡುಕಿದ್ದನ್ನು ‘ಹಸುರು ಹೊನ್ನು’ವಿನಲ್ಲಿ ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈಚೆಗೆ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ ‘ಜಾಣಸುದ್ದಿ’ಯ ಮೂಲಕ ವಿಜ್ಞಾನವನ್ನು ಮೊಬೈಲಿನಲ್ಲಿ ಕೇಳಿಸಿದರು. ಪದ ಸಿಗದು ಎಂಬುದೂ ನೆಪವೇ. ಗೊಬ್ಬರದಂಗಡಿಯ ಕಟ್ಟೆಯ ಮೇಲೆ ‘ಮ್ಯಾಂಕೋಜೆಬ್ ಅರ್ಧ ಕೆಜಿ ಕೊಡಿ’ ಎನ್ನುವಾಗ ಯಾರ ನಾಲಿಗೆಯೂ ತಡವರಿಸುವುದಿಲ್ಲ.

ಮೊದಲೇ ಹೇಳಿಬಿಟ್ಟರೆ ಬೇರೆಯವರು ಹೆಸರು ಹೊಡೆದುಕೊಳ್ಳುತ್ತಾರೆ ಎಂಬ ಅಂಜಿಕೆ ಸಂಶೋಧಕರಲ್ಲಿದೆ. ಸಿ.ವಿ. ರಾಮನ್ ಅವರದು ಬೇರೆ ರೀತಿ. ಈಗ ‘ರಾಮನ್ ಪರಿಣಾಮ’ ಎನ್ನುವುದನ್ನು 1928ರ ಫೆಬ್ರುವರಿ 28ರಂದು ಕಂಡು ಮರುದಿನವೇ ಸುದ್ದಿಸಂಸ್ಥೆಗೆ ತಿಳಿಸಿದರು, ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿ ವಿವರಿಸಿದರು, ಆ ಭಾಷಣ ಅಚ್ಚಾದ ಕೂಡಲೇ ಪ್ರತಿಗಳನ್ನು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ರಷ್ಯಾದಲ್ಲೂ ಅದೇ ಪರಿಣಾಮವನ್ನು ಕಂಡವರಿದ್ದರು. 1930ರ ನೊಬೆಲ್ ಬಂದದ್ದು ರಾಮನ್‌ಗೆ.

ಬಿಚ್ಚಿಟ್ಟದ್ದರಿಂದ ರೋಗದ ಮೂಲ ಬೇಗ ಸಿಕ್ಕ ಪ್ರಸಂಗ ಪಕ್ಕದ ಬಾಂಗ್ಲಾದೇಶದಲ್ಲೇ ಇದೆ. 2016ರಲ್ಲಿ ಅಲ್ಲಿಯ ಗೋಧಿಗೆ ಬೆಂಕಿರೋಗ ಬಿತ್ತು. ತೋಫಜ್ಜಲ್ ಇಸ್ಲಾಂ, ಬ್ರಿಟನ್ನಿನ ಸೋಫಿಯನ್ ಕಾಮೂನ್ ಮತ್ತಿತರರು ಸೋಂಕಿದ ಎಲೆಗಳಿಂದ ಪಡೆದ ಜೀನೋಮ್ ಮಾಹಿತಿಯನ್ನು ಪತ್ರಿಕೆಯಲ್ಲಿ ಅಚ್ಚಾಗುವವರೆಗೂ ಕಾಯದೆ ಎಲ್ಲರ ಮುಂದಿಟ್ಟರು. ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಅದನ್ನು ಎತ್ತಿಕೊಂಡು ನೋಡಿ, ರೋಗಾಣು ದಕ್ಷಿಣ ಅಮೆರಿಕದ ವಂಶದ್ದು ಎಂದು ಕೆಲವೇ ವಾರಗಳಲ್ಲಿ ಪತ್ತೆ ಮಾಡಿದರು.

ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ತಮ್ಮ ಹಣದಿಂದಾದ ಲೇಖನಗಳನ್ನು ಮುಕ್ತ ಭಂಡಾರದಲ್ಲಿ ಇಡಬೇಕೆಂದು 2014ರಲ್ಲೇ ನೀತಿ ಮಾಡಿವೆ. 2024ರ ನವೆಂಬರಿನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರಾಯಿತು. ಅದರಿಂದ ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ ದುಬಾರಿ ಪತ್ರಿಕೆಗಳು ಸಿಗುತ್ತವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಆ ಲೆಕ್ಕದಲ್ಲಿಲ್ಲ.

ವಿಜ್ಞಾನಿಗಳನ್ನಷ್ಟೇ ದೂರಿದರೆ ಅನ್ಯಾಯವಾದೀತು. ಬಡ್ತಿಯ ಅಂಕ ಎಣಿಸುವಾಗ ಇಂಗ್ಲಿಷ್ ಲೇಖನಕ್ಕಿರುವ ತೂಕ ಕನ್ನಡದ ಬರಹಕ್ಕಿಲ್ಲದಿದ್ದರೆ ರಾತ್ರಿ ಕೂತು ಬರೆಯುವವರು ಎಷ್ಟು ಮಂದಿ? ವಿಶ್ವವಿದ್ಯಾಲಯಗಳು ಅದಕ್ಕೂ ಅಂಕ ಕೊಡಬೇಕು. ಪ್ರಬಂಧ ಒಪ್ಪಿಸುವ ದಿನವೇ ಎರಡು ಪುಟದ ಕನ್ನಡ ವರದಿಯನ್ನೂ ಪಡೆಯಬೇಕು. ಎಲ್ಲಿ ಬೆಳೆದರು, ಯಾವ ತಳಿ, ಎಷ್ಟು ಮಳೆ, ಏನು ಸಿಂಪಡಿಸಿದರು, ಎಕರೆಗೆ ಖರ್ಚೆಷ್ಟು, ಏನು ಫಲಿಸಲಿಲ್ಲ ಎಂಬಷ್ಟು ಅದರಲ್ಲಿದ್ದರೆ ಸಾಕು. ಅಂಕಿಅಂಶದ ಪೂರ್ತಿ ಪಟ್ಟಿ ಜೊತೆಯಲ್ಲೇ ಇದ್ದರೆ ಚನ್ನರಾಯಪಟ್ಟಣದ ಕಾಲೇಜು ಹುಡುಗಿಯೊಬ್ಬಳು ಲೆಕ್ಕವನ್ನು ತಾನೇ ಹಾಕಿ ನೋಡಬಹುದು, ತಪ್ಪಿದ್ದರೆ ಕೇಳಲೂಬಹುದು.

ವರದಿಯ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಬರಲಿ, ಪಂಚಾಯಿತಿಯ ಗ್ರಂಥಾಲಯಕ್ಕೂ ಬರಲಿ. ಅಲ್ಲಿಯವರೆಗೆ ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಬಹುದು: ‘ಹೋದ ವರ್ಷ ನಮ್ಮೂರಿನಿಂದ ಮಣ್ಣು ತುಂಬಿಕೊಂಡು ಹೋದರಲ್ಲ ಸ್ವಾಮಿ, ಅದರಲ್ಲಿ ಏನು ಸಿಕ್ಕಿತು?’